ಹಸಿರು ಅಳತೆ ಬ್ಲೌಸು ಮತ್ತು ಲೂಸ್ ಎಂಬ ಮಾತು

ಹಸಿರು ಬ್ಲೌಸಿನ ಎರಡೂ ಪಕ್ಕದಲ್ಲಿ, ಮಿಷಿನ್ ಹೊಲಿಗೆಯಿಂದ ಮುಕ್ಕಾಲು ಇಂಚು ಒಳಗೆ, ಸೂಜಿಯ ತೂತುಗಳ ಒಂದು ಸಾಲಿತ್ತು. ದಾರ ಇರಲಿಲ್ಲ. ಇಸ್ತ್ರಿಯ ಬಿಸಿಗೆ ತೂತುಗಳು ಅರ್ಧ ಮುಚ್ಚಿಕೊಂಡಿದ್ದವು. ಕಿಟಕಿಯ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿದ್ದವು. ಅವು ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಆ ಬ್ಲೌಸಿನ ಅಳತೆಗೆ ಮದುವೆಯ ನಾಲ್ಕು ಬ್ಲೌಸುಗಳನ್ನು ಹೊಲಿದು, ಹುಕ್ಕು ಹಾಕಿ, ಕಳಿಸಿ, ಅಲ್ಲಿಂದ ದೂರೂ ಬಂದಾಗಿತ್ತು.

ಹೊಲಿದವಳು ನನ್ನ ಚಿಕ್ಕಮ್ಮ. ಮುಚ್ಚಿಹೋದ ಚಿನ್ನದ ಗಣಿಗಳ ನಡುವಿನ ಆಂಡರ್ಸನ್‌ಪೇಟೆಯಲ್ಲಿ ಅವಳ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಆಗ ನಾನು ದಿನವೂ ಹತ್ತಿರದ ಕೋರಮಂಡಲ್‌ನ ನಮ್ಮ ಮನೆಯಿಂದ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಹೊಲಿಗೆ ಕಲಿಯಲಿಕ್ಕಲ್ಲ. ಎಂ.ಎ. ಮುಗಿಸಿದ ಮೇಲೆ ಬೆಂಗಳೂರಿನ ಒಂದು ಸಣ್ಣ ಪ್ರಕಾಶನಕ್ಕೆ ಶಾಲಾ ಮಕ್ಕಳ ಇಂಗ್ಲಿಷ್–ಕನ್ನಡ ನಿಘಂಟಿನ ಕೆಲಸ ಮಾಡಿಕೊಡುತ್ತಿದ್ದೆ. ಅದಕ್ಕೆ ಲ್ಯಾಪ್‌ಟಾಪು, ಎರಡು ದಪ್ಪ ಪುಸ್ತಕ ಮತ್ತು ಒಂದಿಷ್ಟು ಹಾಳೆಗಳನ್ನು ಹರಡಿಕೊಳ್ಳಲು ಜಾಗ ಬೇಕಿತ್ತು. ನಮ್ಮ ನೆಂಟರಲ್ಲೆಲ್ಲ ಅಗಲವಾದ ಮೇಜು ಇದ್ದದ್ದು ಚಿಕ್ಕಮ್ಮನಿಗೆ ಮಾತ್ರ. ಬಟ್ಟೆ ಕತ್ತರಿಸುವ ಆ ಮೇಜಿನ ಒಂದು ತುದಿಯನ್ನು ಅವಳು ನನಗೆ ಬಿಟ್ಟುಕೊಟ್ಟಿದ್ದಳು. ಒಂದು ಷರತ್ತಿತ್ತು: ಸೀಮೆಸುಣ್ಣವನ್ನು ಮುಟ್ಟಬಾರದು.

ಆ ವಾರ ನನ್ನ ಪಾಲಿಗೆ ಬಂದ ಪದ ‘ಲೂಸ್’. ನಿಘಂಟಿನ ಸಂಪಾದಕರು ಫೋನಿನಲ್ಲಿ ಹೇಳಿದ್ದರು, “ಅರ್ಥ ಯಾರು ಬೇಕಾದರೂ ಬರೀತಾರೆ. ಆ ಪದ ಯಾರ ಜೊತೆ ಓಡಾಡುತ್ತೆ ಅನ್ನೋದನ್ನ ನೀವು ಬರೀರಿ. ಮಕ್ಕಳು ಎಡವೋದೇ ಅಲ್ಲಿ.” ಹಾಗಾಗಿ ನಾನು ಅದರ ಜೊತೆಗಾರರನ್ನು ಹಿಡಿದು ಕೂರಿಸುತ್ತಿದ್ದೆ. ಲೂಸ್ ಟೂತ್ ಅಂದರೆ ಅಲ್ಲಾಡುವ ಹಲ್ಲು. ಲೂಸ್ ಹೇರ್ ಅಂದರೆ ಬಿಟ್ಟುಕೊಂಡ ಕೂದಲು. ಲೂಸ್ ಚೇಂಜ್ ಅಂದರೆ ಚಿಲ್ಲರೆ. ಲೂಸ್ ಸಾಯಿಲ್ ಅಂದರೆ ಉದುರು ಮಣ್ಣು. ಅದಕ್ಕೆ ಉದಾಹರಣೆ ಹುಡುಕಬೇಕಾಗಿರಲಿಲ್ಲ, ಗಾಳಿ ಬೀಸಿದ ದಿನ, ಗಣಿಯವರು ಚಿನ್ನ ತೆಗೆದು ಸುರಿದ ಮಣ್ಣಿನ ಸಯನೈಡ್ ದಿಬ್ಬದಿಂದ ಅದು ತಾನಾಗಿ ಮೇಜಿನ ಮೇಲೆ ಬಂದು ಕೂರುತ್ತಿತ್ತು. ಇಂಗ್ಲಿಷಿನವರು ಒಂದೇ ಪದವನ್ನು ಹಲ್ಲಿಗೂ ಕೂದಲಿಗೂ ಕಾಸಿಗೂ ಮಣ್ಣಿಗೂ ಕೊಟ್ಟು ಕೈತೊಳೆದುಕೊಂಡಿದ್ದರು. ಕನ್ನಡದಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಮಾತು. ಕಟ್ಟದೆ ಮಾರುವ ಹೂವು ನಮಗೆ ಬಿಡಿ ಹೂವು. ಒಂದಕ್ಕೊಂದು ಅಂಟದ ಅನ್ನ ಉದುರು ಉದುರಾದ ಅನ್ನ. ಸಡಿಲ ಎನ್ನುವುದನ್ನು ಗಂಟಿಗೆ, ಹಗ್ಗಕ್ಕೆ, ಉಂಗುರಕ್ಕೆ ಹೇಳಬಹುದು. ಅನ್ನಕ್ಕೆ ಹೇಳಿದರೆ ಬಡಿಸಿದವರು ಸಿಟ್ಟಾಗುತ್ತಾರೆ.

ಇಷ್ಟೆಲ್ಲ ಸೂಕ್ಷ್ಮವನ್ನು ನಾನು ಬರೆದುಕೊಳ್ಳುತ್ತಿದ್ದರೆ, ಅದೇ ಕೋಣೆಯಲ್ಲಿ ಆ ಪದ ಯಾರ ಅಪ್ಪಣೆಯನ್ನೂ ಕೇಳದೆ ಮೂರು ಭಾಷೆಯಲ್ಲಿ ಓಡಾಡಿಕೊಂಡಿತ್ತು. ಬೆಳಿಗ್ಗೆ ಒಬ್ಬ ತಮಿಳು ಹೆಂಗಸು ಬಂದು ತೋಳು ತೋರಿಸಿ, “ಇಂಗೆ ಮಟ್ಟುಂ ಕೊಂಜಂ ಲೂಸ್ ಪಣ್ಣುಕ್ಕಾ” ಅನ್ನುತ್ತಿದ್ದಳು. ಅವಳ ಹಿಂದೆಯೇ ನಿಂತಿದ್ದ ತೆಲುಗಿನ ಅಜ್ಜಿ ಸೊಂಟ ಮುಟ್ಟಿಕೊಂಡು, “ಇಕ್ಕಡ ಲೂಸ್ ಚೆಯ್ಯಮ್ಮಾ” ಅನ್ನುತ್ತಿದ್ದಳು. ಚಿಕ್ಕಮ್ಮ ಇಬ್ಬರಿಗೂ, “ಮಾಡ್ತೀನಿ ಓಗು,” ಅನ್ನುತ್ತಿದ್ದಳು. ಯಾರಿಗೂ ನಿಘಂಟು ಬೇಕಾಗುತ್ತಿರಲಿಲ್ಲ.

“ಇವತ್ತು ಯಾವ ಪದ ಹಿಡ್ಕೊಂಡಿದ್ದೀಯಮ್ಮೀ?” ಎಂದು ಚಿಕ್ಕಮ್ಮ ಕೇಳಿದಳು.

“ಲೂಸ್.”

“ಅದನ್ನ ಬರಿಯಾಕೆ ಅಷ್ಟು ಓದ್ಬೇಕಾಗಿತ್ತಾ? ನಿಮ್ ಚಿಕ್ಕಪ್ಪನ ಫೋಟೋ ಅಂಟ್ಸು. ಐಕ್ಳಿಗೆ ಅರ್ಥ ಆಗೋತದೆ.”

ಹೊಸ್ತಿಲ ಮೇಲೆ ಕೂತು ಫೋನು ನೋಡುತ್ತಿದ್ದ ಚಿಕ್ಕಪ್ಪ ತಲೆಯೆತ್ತಲಿಲ್ಲ. “ಪಕ್ದಾಗೆ ನಿಮ್ ಚಿಕ್ಕಮ್ಮಂದೂ ಆಕಮ್ಮ,” ಅಂದ. “ಜೊತೆಗಾರ್ರು ಬೇಕು ಅಂದ್ರಂತಲ್ಲ ನಿಮ್ ಸಾರು.”

ಈ ಅರ್ಥವನ್ನು ಎಲ್ಲಿ ಸೇರಿಸುವುದು ಎಂದು ನನಗೆ ತಿಳಿಯಲಿಲ್ಲ. ಸಂಪಾದಕರನ್ನು ಕೇಳಿದೆ. ಇಂಗ್ಲಿಷರು ಯಾರನ್ನೂ ಹಾಗೆ ಬೈಯುವುದಿಲ್ಲ, ಬಿಡಿ ಎಂದರು. ಇಲ್ಲಿ ಬೈಗುಳಗಳಲ್ಲೆಲ್ಲ ಅದೇ ಮೃದುವಾದದ್ದು. ತಾಯಿ ಮಗುವಿಗೆ, ಗೆಳತಿ ಗೆಳತಿಗೆ, ಹೆಂಡತಿ ಗಂಡನಿಗೆ, ಯಾರು ಯಾರಿಗೆ ಬೇಕಾದರೂ ಅನ್ನಬಹುದು. ಟೀ ಅಂಗಡಿಯ ಲೂಸ್ ಹಾಲು, ಕಿರಾಣಿಯ ಲೂಸ್ ಎಣ್ಣೆ, ಸ್ವಿಚ್‌ಬೋರ್ಡಿನ ಲೂಸ್ ಕನೆಕ್ಷನ್, ಆಸ್ಪತ್ರೆಯ ಲೂಸ್ ಮೋಷನ್ – ಇವೆಲ್ಲಕ್ಕೂ ಒಂದೊಂದು ಸಾಲು ಸಿಕ್ಕಿತು. ಚಿಕ್ಕಪ್ಪನಿಗೆ ಸಿಗಲಿಲ್ಲ.

ನನ್ನ ಉಡುಪಿನ ವಿಷಯದಲ್ಲೂ ಆ ಪದಕ್ಕೆ ಹಳೆಯ ಹಕ್ಕಿದೆ. “ಬೆಳೆಯೋ ಉಡ್ಗಿ, ಸ್ವಲ್ಪ ಲೂಸಾಗೇ ಇರ್ಲಿ” ಎಂದು ಅಮ್ಮ ಚಿಕ್ಕಮ್ಮನಿಗೆ ಹೇಳುತ್ತಾ ಬಂದಳು. ನಾನು ಬೆಳೆಯುವುದನ್ನು ನಿಲ್ಲಿಸಿ ವರ್ಷಗಳಾದರೂ ಆ ಅಪ್ಪಣೆ ರದ್ದಾಗಲಿಲ್ಲ. ನನಗೂ ಅದು ಅನುಕೂಲವೇ. ಮೈಗೆ ಟೇಪು ಹಿಡಿಸಿಕೊಳ್ಳುವುದು ನನಗಾಗದು. ಹಳೆಯ ಕುರ್ತಾ ಒಂದನ್ನು ಕೊಟ್ಟು, ಇದರಂತೆಯೇ ಎಂದು ಹೇಳಿ ಕೂತುಬಿಡುತ್ತೇನೆ. ಅದಕ್ಕೆ ಚಿಕ್ಕಮ್ಮ ನನ್ನನ್ನು ಗಿರಾಕಿಗಳಿಗೆ ಪರಿಚಯಿಸುವುದು ಹೀಗೆ: “ಇವ್ಳು ನಮ್ ಅಕ್ಕನ ಮಗ್ಳು. ಬಟ್ಟೆ ಲೂಸು, ಬಾಯಿ ಟೈಟು.”

ಅಳತೆಗೆ ಹಳೆಯ ಬಟ್ಟೆ ಕೊಡುವುದು ನನ್ನೊಬ್ಬಳ ರೂಢಿಯಲ್ಲ. ಅಲ್ಲಿಗೆ ಬರುವ ಹೆಂಗಸರಲ್ಲಿ ಟೇಪಿಗೆ ಮೈಕೊಡುವವರು ಅಪರೂಪ. ತಮಗೆ ಸರಿಯಾಗಿ ಕೂರುವ ಒಂದು ಬ್ಲೌಸನ್ನು ಕವರಿನಲ್ಲಿ ಹಾಕಿ ಕೊಡುತ್ತಾರೆ. ಅದೇ ಅಳತೆ ಬ್ಲೌಸು. ಚಿಕ್ಕಮ್ಮ ಅದನ್ನು ಮೇಜಿನ ಮೇಲೆ ಮೇಲ್ಮುಖವಾಗಿ ಹಾಸಿ, ಅಂಚಿನಿಂದ ಅಂಚಿಗೆ ಟೇಪು ಹಿಡಿದು, ಆ ಅಳತೆಗೆ ಪೇಪರ್ ಕತ್ತರಿಸಿಕೊಂಡು, ಹೊಸ ಬಟ್ಟೆಯ ಜೊತೆ ಅದನ್ನೂ ಹಿಂದಿರುಗಿಸುತ್ತಾಳೆ. ಅಳತೆ ಬ್ಲೌಸಿನ ಒಳಭಾಗವನ್ನು ತಿರುವಿ ನೋಡುವುದು, ಅವಳ ಪ್ರಕಾರ, ಪರರ ಬೀರು ತೆಗೆದು ನೋಡಿದ ಹಾಗೆ.

ಹಸಿರು ಬ್ಲೌಸು ಬಂದದ್ದು ಕಾರ್ಖಾನೆಯ ಕ್ವಾರ್ಟರ್ಸ್‌ನಿಂದ. ಧಾರವಾಡದ ಕಡೆಯ ಕುಟುಂಬ. ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ, ಮಗಳ ಮದುವೆ ಬಂಗಾರಪೇಟೆಯ ಒಂದು ಛತ್ರದಲ್ಲಿ. ಕ್ವಾರ್ಟರ್ಸ್‌ನ ಹೆಂಗಸರು ಬ್ಲೌಸಿಗೆ ಬೆಂಗಳೂರಿಗೆ ಹೋಗುವವರು. ಚಿಕ್ಕಮ್ಮನ ಬಾಗಿಲಿಗೆ ಅಲ್ಲಿಂದ ಮದುವೆ ಬ್ಲೌಸು ಬಂದದ್ದು ಅದೇ ಮೊದಲು. ಅಲ್ಲಿಯವರೆಗೆ ಅವಳ ಕೈಗೆ ಸಿಕ್ಕಿದ್ದು ಸ್ಕೂಲ್ ಯೂನಿಫಾರ್ಮು, ಲಂಗ, ಸೀರೆಯ ಫಾಲ್ಸು. ಮದುಮಗಳ ತಾಯಿ ಬಟ್ಟೆ ಕೊಟ್ಟು ಹೋಗುವಾಗ, “ಇವು ಛಲೋ ಕುಂತ್ವು ಅಂದ್ರ, ನಮ್ಮ ಓಣಿ ಹೆಣ್ಮಕ್ಕಳೆಲ್ಲಾ ನಿಮ್ಮ ಕಡೇನ ಬರ್ತಾರ್ರೀ ಅಕ್ಕಾರ,” ಎಂದಿದ್ದರು. ಅವತ್ತಿನಿಂದ ಚಿಕ್ಕಮ್ಮ ಬೇರೆಯ ಕೆಲಸವನ್ನೆಲ್ಲ ಬದಿಗಿಟ್ಟಳು. ಹುಕ್ಕು ಹಾಕುವ ಕೆಲಸವನ್ನೂ ಹೊರಗೆ ಕೊಡಲಿಲ್ಲ. “ಇಷ್ಟು ವರ್ಸ ಫಾಲ್ಸ್ ಒಲ್ದಿದ್ದೀನಿ. ಫಾಲ್ಸ್ ಒಲಿಯೋಳು ಅಂತ್ಲೇ ಸಾಯಾಕೆ ನಂಗಿಷ್ಟ ಇಲ್ಲ,” ಎಂದು ಮಿಷಿನ್ ತುಳಿಯುತ್ತಲೇ ಹೇಳಿದ್ದಳು. ಆ ಹೊತ್ತಿನಲ್ಲಿ ಚಿಕ್ಕಪ್ಪ ಕೂಡ ತಮಾಷೆ ಮಾಡಲಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಛತ್ರದಿಂದ ಫೋನು ಬಂತು. ಚಿಕ್ಕಮ್ಮ ಸ್ಪೀಕರಿಗೆ ಹಾಕಿದಳು. ಅವಳ ಕೈಯಲ್ಲಿ ಬಟ್ಟೆಯಿತ್ತು.

“ಅಕ್ಕಾರ, ನಾಲ್ಕೂ ಜಂಪರ್ ಸಡ್ಲ ಆಗ್ಯಾವ್ರೀ.” ಅವರ ಕಡೆ ಬ್ಲೌಸಿಗೆ ಜಂಪರ್ ಅನ್ನುತ್ತಾರೆ. “ಒಳಗ ಇನ್ನೊಬ್ಬಾಕಿ ಹೊಗಬಹುದು, ಅಷ್ಟ ಸಡ್ಲ. ನಾಳೆ ಮುಂಜಾನೆ ಅಕ್ಷತಾ. ಇಲ್ಲೇ ಪ್ಯಾಟಿಯೊಳಗ ರೆಡಿಮೇಡ್ ತಗೋಳ್ಳೂಣು ಅನ್ನಾಕತ್ತಾರ ಎಲ್ಲಾರೂ. ನಿಮಗೊಂದ ಮಾತ ಹೇಳೂಣಂತ ಮಾಡಿದೆ.”

ಚಿಕ್ಕಮ್ಮ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಪೇಪರ್ ಅಳತೆ ತೆಗೆದು ಟೇಪು ಹಿಡಿದಳು. ಇನ್ನೊಮ್ಮೆ ಹಿಡಿದಳು. ಪೇಪರು ಸರಿಯಾಗಿತ್ತು. “ಅಮ್ಮಾ, ನೀವು ಕೊಟ್ಟ ಅಳತೇಗೇ ಒಲ್ದಿರೋದು,” ಎಂದಳು.

“ಹೌದ್ರೀ, ನಾನೂ ಛಲೋದ ಆರಿಸಿ ಕೊಟ್ಟೀನಿ.” ಹಿಂದೆ ಯಾರೋ ಹೆಂಗಸು, ಆಂಡರ್ಸನ್‌ಪೇಟೆಯವರಿಗೆ ಕೊಟ್ಟರೆ ಇನ್ನೇನಾಗುತ್ತದೆ ಎಂದದ್ದೂ ಕೇಳಿಸಿತು.

“ಉಡುಗೀನ ಒಂದ್ ಗಳಿಗೆ ಇತ್ತಾಗೆ ಕಳ್ಸಿ. ನಿಂತ್ಕಾಲಲ್ಲಿ ಸರಿ ಮಾಡ್ತೀನಿ.”

“ಅರಿಷಿಣ ಹಚ್ಚೇವ್ರೀ. ಹೊಸ್ತಿಲಾ ದಾಟಂಗಿಲ್ಲ ಆಕಿ.”

ಫೋನು ಇಟ್ಟ ಮೇಲೆ ಚಿಕ್ಕಮ್ಮ ಪೇಪರನ್ನು ಮತ್ತೆ ಮೊಳೆಗೆ ಸಿಕ್ಕಿಸಿದಳು. ಆಮೇಲೆ ಕುತ್ತಿಗೆಯ ಟೇಪನ್ನು ತೆಗೆದು ನನ್ನ ಕುತ್ತಿಗೆಗೆ ಹಾಕಿದಳು.

“ನೀನು ಓಗು.”

“ನಾನಾ? ನನಗೇನು ಗೊತ್ತು?”

“ನಾನ್ ಓದ್ರೆ ಜಗಳ ಆಡ್ತೀನಿ. ಕೈ ಸರಿಯಾಗೈತೆ, ನೀವೇ ಸರಿ ಇಲ್ಲ ಅಂತ ಅಂದ್ಬಿಡ್ತೀನಿ. ಮದ್ವೆ ಮನೆ. ನಿನ್ ಬಾಯಿ ಟೈಟು, ನೀನೇ ಸರಿ. ಎದೆ, ಸೊಂಟ, ತೋಳು. ಟೇಪಿಗೂ ಮೈಗೂ ನಡುವೆ ಒಂದ್ ಬೆಟ್ಟು ಬಿಡು. ಬ್ಲೌಸು ಇಸ್ಕೊಂಡು ಬಾ.”

ಯಾವ ಗುಣಕ್ಕೆ ಇಷ್ಟು ವರ್ಷ ಬೈಸಿಕೊಂಡಿದ್ದೆನೋ ಅದೇ ಈಗ ಅರ್ಹತೆಯಾಗಿತ್ತು. ಬಸ್ಸು ಹತ್ತಿ ಕೂತ ಮೇಲೆ ಪಕ್ಕದವರು ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದದ್ದು ಗೊತ್ತಾಯಿತು. ಟೇಪು ತೆಗೆದು ಚೀಲಕ್ಕೆ ಹಾಕಿಕೊಂಡೆ. ಬಂಗಾರಪೇಟೆಯವರೆಗೆ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತಾ ಹೋದೆ. ನಿಮ್ಮ ಅಳತೆ ತೆಗೆದುಕೊಳ್ಳಬಹುದೇ? ಬೇಡ. ಸ್ವಲ್ಪ ಎದ್ದು ನಿಲ್ಲುತ್ತೀರಾ? ಅದೂ ಬೇಡ.

ಛತ್ರದ ಮಹಡಿಯ ಕೋಣೆಯಲ್ಲಿ ಮದುಮಗಳು ಚಾಪೆಯ ಮೇಲೆ ಕೂತು ಹೋಳಿಗೆ ತಿನ್ನುತ್ತಿದ್ದಳು. ನನ್ನದೇ ವಯಸ್ಸು. ಮುಖ, ಕೈ ಎಲ್ಲ ಅರಿಶಿನ. ಗೋಡೆಯುದ್ದಕ್ಕೂ ಅವಳ ಕಡೆಯ ಹೆಂಗಸರು ಕೂತಿದ್ದರು. ನಾಲ್ಕು ಬ್ಲೌಸುಗಳು ಕಿಟಕಿಯ ಹತ್ತಿರ ಕುರ್ಚಿಯ ಮೇಲಿದ್ದವು. ಅವುಗಳ ಕೆಳಗೆ, ಚಿಕ್ಕಮ್ಮ ಹಿಂದಿರುಗಿಸಿದ ಹಸಿರು ಅಳತೆ ಬ್ಲೌಸು. ನಾನು ಟೇಲರ್ ಕಡೆಯವಳು ಎಂದು ಹೇಳಿದ್ದೇ ತಡ, ಮದುಮಗಳ ಚಿಕ್ಕಮ್ಮ ಶುರು ಮಾಡಿದರು.

“ಬರ್ರಿ ಬರ್ರಿ. ನೀವ ನೋಡ್ರಿ. ಜಂಪರ್ ಏನ್ರೀ ಇದು, ಪರಕಾರ ಆಗೇತಿ.” ಪರಕಾರ ಅಂದರೆ ಅವರ ಕಡೆ ಲಂಗ.

“ನಮ್ಮ ಹುಬ್ಬಳ್ಳ್ಯಾಗ ಹೊಲಿಸಿದ್ರ ಹಿಂಗ ಆಗತಿತ್ತೇನು?” ಎಂದು ಇನ್ನೊಬ್ಬರು ಸೇರಿಸಿದರು.

ನಾನು ಕುರ್ಚಿಯ ಮೇಲಿನ ಬ್ಲೌಸುಗಳನ್ನೆಲ್ಲ ಎತ್ತಿಕೊಂಡೆ. ಮದುಮಗಳು ಕೈತೊಳೆದುಕೊಂಡು, ನನ್ನನ್ನೂ ತಾಯಿಯನ್ನೂ ಕರೆದುಕೊಂಡು ಪಕ್ಕದ ಸಣ್ಣ ಕೋಣೆಗೆ ಬಂದು ಬಾಗಿಲು ಹಾಕಿದಳು. ಹೊಸ ಬ್ಲೌಸು ಹಾಕಿ ತೋರಿಸಿದಳು. ಭುಜ ಸರಿಯಾಗಿತ್ತು, ಕುತ್ತಿಗೆ ಸರಿಯಾಗಿತ್ತು, ಪಕ್ಕಗಳು ಮಾತ್ರ ಜೋತುಬಿದ್ದಿದ್ದವು. ಟೇಪು ಹಿಡಿದು ಅವಳ ಸುತ್ತ ಕೈ ಚಾಚಿ ನಿಂತೆ. ನಾನು ಉಸಿರು ಹಿಡಿದಿರುವುದು ನನಗೇ ಗೊತ್ತಿರಲಿಲ್ಲ.

“ನೀವು ಉಸರ ಬಿಡ್ರೀ,” ಎಂದಳು ಮದುಮಗಳು. “ಅಳತಿ ತಗೊಳ್ಳೂದು ನಂದು.”

ನಗು ಬಂತು. ಅದರಿಂದ ಕೈ ಸ್ವಲ್ಪ ಹಗುರವಾಯಿತು. ಅಳತೆ ಬರೆದುಕೊಂಡೆ. ಚಿಕ್ಕಮ್ಮನ ಪೇಪರಿಗೂ ಇದಕ್ಕೂ ಬಹಳ ಅಂತರವಿತ್ತು. ಹಾಗಾದರೆ ಅಳತೆ ಬ್ಲೌಸು ಇವಳಿಗೆ ಸರಿಯಾಗಿ ಕೂತದ್ದು ಹೇಗೆ? “ಇದನ್ನೊಮ್ಮೆ ಹಾಕಿಕೊಂಡು ತೋರಿಸುತ್ತೀರಾ?” ಎಂದು ಹಸಿರು ಬ್ಲೌಸನ್ನು ಕೊಟ್ಟೆ.

ಅದೂ ಅಷ್ಟೇ ಲೂಸಾಗಿತ್ತು.

ಮದುಮಗಳು ಕೆಳಗೆ ನೋಡಿಕೊಂಡಳು. ಪಕ್ಕವನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. “ಅವ್ವಾ, ಇದು ಅಕ್ಕಂದು. ನನಗ ಹತ್ತಲಿ ಅಂತ ಒಳಗ ಹೊಲಿಗಿ ಹಾಕಿದ್ದೆ ನಾನು. ಎಲ್ಲಿ ಹೋತ ಅದು?”

ತಾಯಿ ಬಾಗಿಲ ಕಡೆ ನೋಡಿದರು. ದನಿ ಇಳಿಸಿದರು. “ಬಿಚ್ಚಿದ್ನೆವಾ.”

“ಬಿಚ್ಚಿದಿ?”

“ಕೈಲೆ ಹಾಕಿದ್ದ ಹೊಲಿಗಿ. ಅದೂ ಹಸರ ಬಟ್ಟಿಗೆ ಕರೀ ದಾರ. ಹಂಗ ಕೊಟ್ರ ಟೇಲರ್ ಅಕ್ಕಾರು ಏನಂತಿದ್ರು ನಮಗ? ಒಗದು, ದಾರ ಬಿಚ್ಚಿ, ಇಸ್ತ್ರಿ ಮಾಡಿ ಕೊಟ್ಟೆ.”

ಅವಳು ಕಳಚಿಕೊಟ್ಟ ಬ್ಲೌಸನ್ನು ಆಗ ನಾನು ಕಿಟಕಿಗೆ ಹಿಡಿದು ನೋಡಿದ್ದು. ತೂತುಗಳ ಸಾಲು ನೆಟ್ಟಗಿರಲಿಲ್ಲ. ಅವಸರದಲ್ಲಿ ಹಾಕಿದ ಕೈಹೊಲಿಗೆ. ಒಬ್ಬರು ಮರ್ಯಾದೆಗೆಂದು ಒಳಗನ್ನು ಒಪ್ಪ ಮಾಡಿ ಕೊಟ್ಟಿದ್ದರು. ಇನ್ನೊಬ್ಬಳು ಮರ್ಯಾದೆಗೆಂದು ಒಳಗನ್ನು ನೋಡಿರಲಿಲ್ಲ.

ಚಿಕ್ಕಮ್ಮನ ಕೈ ತಪ್ಪಿರಲಿಲ್ಲ. ಅದನ್ನು ಬಾಗಿಲಾಚೆಯ ಹೆಂಗಸರಿಗೆ ಹೇಳಿದರೆ ಅವಳ ಹೆಸರು ಉಳಿಯುತ್ತಿತ್ತು. ಹೇಳಿದರೆ, ಅಷ್ಟು ಜನ ನೆಂಟರ ಮುಂದೆ, ಮದುವೆಯ ಹಿಂದಿನ ದಿನ, ಈ ತಾಯಿಯ ಮುಖ ಏನಾಗುತ್ತಿತ್ತು ಎಂಬುದೂ ಕಾಣುತ್ತಿತ್ತು. ಅವರು ನನ್ನನ್ನು ನೋಡುತ್ತಿದ್ದರು. ಹೇಳಬೇಡಿ ಎಂದು ಬಾಯಿಬಿಟ್ಟು ಕೇಳುವ ಹೆಂಗಸಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. ನಾನು ಬ್ಲೌಸುಗಳನ್ನು ಮಡಿಚುತ್ತಾ ನಿಂತೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮಡಿಚಿದೆ.

ಅಷ್ಟರಲ್ಲಿ ಮದುಮಗಳು ಬಾಗಿಲು ತೆಗೆದು ಹೊರಗೆ ಹೋದಳು.

“ಯಾರದೂ ತಪ್ಪಲ್ಲ ಬಿಡ್ರಿ ಚಿಗವ್ವಾ,” ಎಂದಳು. “ಟೇಲರ್ ಹೊಲದದ್ದು ಬರೋಬ್ಬರಿ ಐತಿ. ಅಳತಿ ಕೊಟ್ಟಾಗಿಂದ ಇಲ್ಲೀತನಾ ನಾನ ಸೊರಗೀನಿ. ಮದವಿ ಚಿಂತಿ.”

ಪರಕಾರ ಎಂದಿದ್ದ ಅದೇ ಚಿಕ್ಕಮ್ಮ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. “ನಾ ಬಂದ ಕೂಡಲೇ ಅಂದಿದ್ನಿಲ್ಲೋ? ಮಾರಿ ನೋಡ್ರಿ, ಹೆಂಗ ಇಳದೈತಿ.”

“ಭಾಳ ಇಳದೈತಿ,” ಎಂದರು ಹುಬ್ಬಳ್ಳಿಯವರು. “ಇನ್ನೊಂದ ಹೋಳಿಗಿ ಹಾಕ್ರಿ ಆಕಿಗೆ.”

ಮದುಮಗಳ ಮುಖ ಅರಿಶಿನ ಹಚ್ಚಿದ ಹೋಳಿಗೆಯಷ್ಟೇ ದುಂಡಗಿತ್ತು. ಅವಳು ತಟ್ಟೆಯನ್ನು ಮುಂದಕ್ಕೆ ಚಾಚಿ, ನನ್ನ ಕಡೆ ಒಮ್ಮೆ ನೋಡಿದಳು. ನಾನು ಬ್ಲೌಸುಗಳನ್ನು ಚೀಲಕ್ಕೆ ಹಾಕಿಕೊಂಡೆ. ಮೆಟ್ಟಿಲಿಳಿಯುವಾಗ ತಾಯಿ ಹಿಂದೆಯೇ ಬಂದು ಹೋಳಿಗೆಯ ಡಬ್ಬಿಯೊಂದನ್ನು ಕೈಗಿಟ್ಟರು. “ಬೆಳಿಗ್ಗೆ ಅಕ್ಷತೆಗೆ ಮುಂಚೆ ತರುತ್ತೇನೆ,” ಎಂದಷ್ಟೇ ನಾನು ಹೇಳಿದೆ.

ಆಂಡರ್ಸನ್‌ಪೇಟೆಯಲ್ಲಿ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ಹಸಿರು ಬ್ಲೌಸನ್ನು ತಿರುವಿ ಒಳಗನ್ನು ತೋರಿಸಿ, ನಡೆದದ್ದನ್ನು ಹೇಳಿದೆ. ಅವಳು ತೂತುಗಳ ಮೇಲೆ ಉಗುರು ಎಳೆದಳು.

“ಲೂಸಾ ಆಯಮ್ಮ? ಅಳತೆ ಬಿಚ್ಚಿ ಅಳತೆ ಕೊಡ್ತಾರಾ?” ಎಂದವಳು ಮಿಷಿನ್ ಮುಂದೆ ಕೂತು, ದಾರ ಪೋಣಿಸಿದಳು. “ನಾನಾದ್ರೂ ಅಂಗೇ ಮಾಡ್ತಿದ್ದೆ ಕಣಮ್ಮೀ. ಕರೀ ದಾರ ಇಟ್ಕೊಂಡು ಇನ್ನೊಬ್ರ ಕೈಗೆ ಎಂಗೆ ಕೊಡಾದು?”

“ಹಂಗಾದ್ರೆ ಇಬ್ರೂ ಲೂಸೇ,” ಎಂದ ಚಿಕ್ಕಪ್ಪ, ಡಬ್ಬಿಯ ಮುಚ್ಚಳ ತೆಗೆಯುತ್ತಾ. “ಬರ್ಕೊಳಮ್ಮ.”

“ನೀನು ಓಳಿಗೆ ತಿನ್ನು, ಮಾತಾಡ್ಬೇಡ.”

ಅವನು ಅರ್ಧ ಹೋಳಿಗೆ ಮುರಿದು ಅವಳ ಬಾಯಿಗೆ ಹಿಡಿದ. ಕೈ ಬಿಡುವಿಲ್ಲದ ಕಾರಣ ಅವಳು ಹಾಗೆಯೇ ತಿಂದಳು. ಪಕ್ಕದ ಹೊಲಿಗೆ ಬಿಚ್ಚಿ, ನನ್ನ ಅಳತೆ ನೋಡಿ, ಒಂದು ಬೆರಳು ಬಿಟ್ಟು ಮತ್ತೆ ಹೊಲಿದಳು. ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿದಿತ್ತು. ಒಳಗೆ ಮಿಕ್ಕ ಬಟ್ಟೆಯನ್ನು ಕತ್ತರಿಸಿ ಎಸೆಯಲಿಲ್ಲ. ಹೋಳಿಗೆಯ ಮನೆ, ಮುಂದೆ ಬೇಕಾಗುತ್ತದೆ ಎಂದಳು. ನಾನು ಮೇಜಿನ ನನ್ನ ತುದಿಯಲ್ಲಿ ಕೂತು, ಲೂಸ್ ಸ್ಟಿಚ್ ಎಂಬ ಜೊತೆಗೆ ಸಡಿಲ ಹೊಲಿಗೆ ಎಂದು ಬರೆದೆ. ಉದಾಹರಣೆ ವಾಕ್ಯದಲ್ಲಿ ಯಾರ ತಾಯಿಯನ್ನೂ ಸೇರಿಸಲಿಲ್ಲ.

ಮಾರನೆಯ ಬೆಳಿಗ್ಗೆ ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಮಾರಿಕುಪ್ಪಂನಿಂದಲೇ ತುಂಬಿಕೊಂಡು ಬಂದಿತ್ತು. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ನಡುವೆ ಚೀಲವನ್ನು ಎದೆಗವಚಿಕೊಂಡು ಬಂಗಾರಪೇಟೆಯವರೆಗೆ ನಿಂತೇ ಹೋದೆ. ಮಹಡಿಯ ಕೋಣೆಯಲ್ಲಿ ಮದುಮಗಳು ಕೆಂಪು ಬ್ಲೌಸು ತೊಟ್ಟು ಎರಡೂ ಕೈ ಮೇಲೆತ್ತಿದಳು, ಇಳಿಸಿದಳು, ಬಗ್ಗಿ ಕಾಲಿನ ಗೆಜ್ಜೆ ಸರಿಮಾಡಿಕೊಂಡಳು. ಪಕ್ಕಗಳು ಅಲುಗಲಿಲ್ಲ. ಅವಳ ಚಿಕ್ಕಮ್ಮ ಬೆನ್ನಿನ ಮೇಲೆ ಕೈಯಾಡಿಸಿ, “ಈಗ ನೋಡು, ಮೈಮ್ಯಾಗ ಹೊಲದಂಗ ಆತು,” ಎಂದರು.

ಕೆಳಗೆ ಊಟದ ಮನೆಯ ಬಾಗಿಲಲ್ಲಿ ತಾಯಿ ನನ್ನನ್ನು ನಿಲ್ಲಿಸಿದರು. ಕೈಯಲ್ಲಿ ಬಟ್ಟೆ ಅಂಗಡಿಯ ಕವರು. ಒಳಗೆ ಮೂರು ಹಳೆಯ ಬ್ಲೌಸುಗಳು, ಮೂರೂ ಬೇರೆ ಬೇರೆ ಮೈಕಟ್ಟಿನವು.

“ನಂದೊಂದು, ಬಾಜೂ ಮನೀ ಇಬ್ಬರದು. ಅಳತಿ,” ಎಂದರು. “ಹೆಂಗ ಇದ್ವೋ ಹಂಗ ಕೊಟ್ಟೀನಿ ಅಂತ ಹೇಳ್ರಿ ಅಕ್ಕಾರಿಗೆ.”

ನಾನು ಅಲ್ಲೇ, ನಾದಸ್ವರದವರು ಹಾದು ಹೋಗುವ ದಾರಿಯಲ್ಲಿ, ಮೇಲಿನ ಬ್ಲೌಸನ್ನು ತೆಗೆದು ಒಳಗನ್ನು ತಿರುವಿ ನೋಡಿದೆ. ಬಿಳಿ ಬಟ್ಟೆಯ ಮೇಲೆ ಕೆಂಪು ದಾರದ ಸೊಟ್ಟ ಹೊಲಿಗೆ, ಕೊನೆಯಲ್ಲಿ ದಪ್ಪ ಗಂಟು. ಅವರು ಅದನ್ನು ನೋಡಿಯೂ ನೋಡದವರಂತೆ ಬೇರೆ ಕಡೆ ತಿರುಗಿದರು. ನಾನು ಬ್ಲೌಸನ್ನು ಮೇಲ್ಮುಖವಾಗಿ ಮಡಿಚಿ ಕವರಿಗೆ ಹಾಕಿ, ಕವರನ್ನು ಚೀಲದಲ್ಲಿ ಟೇಪಿನ ಪಕ್ಕಕ್ಕೆ ಇಟ್ಟುಕೊಂಡು, ತಿಂಡಿಯ ಪಂಕ್ತಿಯಲ್ಲಿ ಹೋಗಿ ಕೂತೆ.